ಲೋಟವಲ್ಲ, ಲೋದ್

ಟಪ್.

ಪುಸ್ತಕದ ಹಾಗೆ ಜೋಡಿಸಿ, ಬೆನ್ನಿಗೆ ಕೀಲು ಹಾಕಿದ ಎರಡು ಮರದ ತುಂಡುಗಳು ನಮ್ಮ ಸಿಸ್ಟರ್ ಬೆನಡಿಕ್ಟಾ ಅವರ ಕೈಯಲ್ಲಿ ಸದಾ ಇರುತ್ತಿದ್ದವು. ತೆರೆದು ಮುಚ್ಚಿದರೆ ಟಪ್ ಅನ್ನುತ್ತಿತ್ತು. ಒಂದು ಟಪ್ ಅಂದರೆ ಎದ್ದು ನಿಲ್ಲು, ಎರಡು ಟಪ್ ಅಂದರೆ ಕೂತುಕೋ. ಮೂರು ಟಪ್ಪಿಗೆ ಏನರ್ಥ ಅಂತ ನಮಗೆ ಕೊನೆಗೂ ತಿಳಿಯಲಿಲ್ಲ, ಅಷ್ಟು ಹೊತ್ತಿಗೆ ಯಾರಾದರೊಬ್ಬರು ಅಳುವುದಕ್ಕೆ ಶುರುಮಾಡಿರುತ್ತಿದ್ದರು. ಎಪ್ಪತ್ತು ವರ್ಷದ ಮೇಲಾಯಿತು. ಈಗಲೂ ಎಲ್ಲಾದರೂ ಬಾಗಿಲು ಟಪ್ ಅಂತ ಹಾಕಿಕೊಂಡರೆ ನನ್ನ ಮಂಡಿ ತಾನಾಗಿಯೇ ನೆಟ್ಟಗಾಗಿ, ಆಮೇಲೆ ವಯಸ್ಸು ನೆನಪಾಗಿ ನೋಯುತ್ತದೆ.

ಮೊನ್ನೆ ಕುವೆಂಪುನಗರದ ಮಗಳ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಮೊಮ್ಮಗಳು ಹೀರೇಕಾಯಿ ಪಲ್ಯದ ಬಟ್ಟಲನ್ನು ದೂರ ತಳ್ಳಿ, "ಅಜ್ಜೀ, ಐ ಲೋದ್ ದಿಸ್" ಅಂದಳು. ಬಟ್ಟಲು ನೀರಿನ ಜಗ್ಗಿಗೆ ತಗುಲಿ ಟಪ್ ಅಂದಿತು. ಪಾಪದ ಹೀರೇಕಾಯಿ ಅವಳಿಗೆ ಏನು ಮಾಡಿತ್ತೋ. ಡಿಯರ್, ಹೀರೇಕಾಯಿಗೆಲ್ಲ ಡಿಸ್‌ಲೈಕ್ ಸಾಕು, ಲೋದ್ ಬಹಳ ದೊಡ್ಡ ಮಾತು ಅಂತ ನಾನು ಹೇಳಿದೆ. ಅವಳು ಮೊಬೈಲಿನಿಂದ ತಲೆ ಎತ್ತದೆ, "ಇಟ್ಸ್ ಜಸ್ಟ್ ಎ ವರ್ಡ್, ಅಜ್ಜಿ" ಅಂದಳು.

ಜಸ್ಟ್ ಎ ವರ್ಡ್. ಅದಕ್ಕೆ ಉತ್ತರ ಪಲ್ಯ ಆರುವಷ್ಟರಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ನಿಮ್ಮ ಮುಂದೆ ಕೂತಿದ್ದೇನೆ.

ನಮ್ಮ ಮನೆ ನಜರ್‌ಬಾದಿನಲ್ಲಿತ್ತು. ಅಪ್ಪ ವರುಣಾ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಓದಿ, ರಸ್ತೆ ಕಟ್ಟಡ ನೋಡಿಕೊಳ್ಳುವ ಮರಾಮತ್ ಇಲಾಖೆಯಲ್ಲಿ ಓವರ್‌ಸಿಯರ್ ಆದವರು. ಅವರಿಗೆ ದೇವರ ಹತ್ತಿರ ಕೇಳಿಕೊಳ್ಳುವುದಕ್ಕೆ ಒಂದೇ ಒಂದು ವಿಷಯವಿತ್ತು, ಮಗಳು ಇಂಗ್ಲಿಷ್ ಮಾತಾಡಬೇಕು. ಹೀಗಾಗಿ, ಸ್ವಾತಂತ್ರ್ಯ ಬಂದ ಮೂರು ನಾಲ್ಕು ವರ್ಷಕ್ಕೆ, ಬೆಳಿಗ್ಗೆ ರಾಗಿ ಅಂಬಲಿ ಕುಡಿದು, ತಲೆಗೆ ಹರಳೆಣ್ಣೆ ಬಡಿಸಿಕೊಂಡು, ಬಿಳಿ ಕ್ಯಾನ್ವಾಸ್ ಶೂಗೆ ಸುಣ್ಣ ಬಳಿದುಕೊಂಡು ಕಾನ್ವೆಂಟಿಗೆ ಹೋಗುವ ಒಂದು ವಿಚಿತ್ರ ಪ್ರಾಣಿಯಾಗಿ ನಾನು ತಯಾರಾದೆ. ಹತ್ತಿರ ಬಂದರೆ ಹರಳೆಣ್ಣೆ, ದೂರದಿಂದ ಇಂಗ್ಲೆಂಡ್.

ಸಿಸ್ಟರ್ ಒಂದು ದಿನ ಬೋರ್ಡಿನ ಮೇಲೆ ಏಣಿ ಬರೆದರು. ಕೆಳಗಿನ ಮೆಟ್ಟಿಲಿಗೆ ಡಿಸ್‌ಲೈಕ್, ಅದರ ಮೇಲೆ ಹೇಟ್, ಅದರ ಮೇಲೆ ಡಿಟೆಸ್ಟ್, ಲೋದ್, ತೀರ ಮೇಲೆ ಅಬ್‌ಹಾರ್. ಲೋದ್ ಅನ್ನುವಾಗ ನಾಲಿಗೆಯನ್ನು ಹಲ್ಲುಗಳ ನಡುವೆ ಇಟ್ಟು ಗುಂಯ್‌ಗುಡಿಸಬೇಕು ಅಂತ ತೋರಿಸಿಕೊಟ್ಟರು. ನಲವತ್ತು ಹುಡುಗಿಯರು ನಾಲಿಗೆ ಹೊರಗೆ ಹಾಕಿ ದ್ವೇಷ ಕಲಿತೆವು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಫಿಲೋಮಿನಾಗೆ ಈ ಹೊಸ ಪದದಿಂದ ದೊಡ್ಡ ಅನುಕೂಲವಾಯಿತು. ಹೇಟ್ ಮಾಡುವುದು ಪಾಪ, ಭಾನುವಾರ ಫಾದರ್ ಹತ್ತಿರ ಕನ್ಫೆಸ್ ಮಾಡಬೇಕು. ಲೋದ್ ಬರೀ ವೊಕ್ಯಾಬುಲರಿ, ಹೇಳಬೇಕಾಗಿಲ್ಲ ಅಂತ ಅವಳು ತನ್ನಷ್ಟಕ್ಕೆ ತೀರ್ಮಾನಿಸಿಕೊಂಡು, ಆ ವಾರವೆಲ್ಲ ತನ್ನ ದೊಡ್ಡಕ್ಕನನ್ನು ನೆಮ್ಮದಿಯಾಗಿ ಲೋದ್ ಮಾಡಿದಳು.

ಏಣಿ ನೆನಪಿಟ್ಟುಕೊಳ್ಳುವುದಕ್ಕೆ ನಾವಿಬ್ಬರೂ ಒಂದು ಉಪಾಯ ಮಾಡಿದೆವು. ಕ್ಲಾಸಿನ ಕಿಟಕಿಯಿಂದ ಚಾಮುಂಡಿ ಬೆಟ್ಟ ಕಾಣುತ್ತಿತ್ತು. ಡಿಸ್‌ಲೈಕ್ ಅಂದರೆ ಬೆಟ್ಟದ ಪಾದ. ಹೇಟ್ ಅಂದರೆ ಮೆಟ್ಟಿಲ ದಾರಿಯ ನಡುವೆ ಸಿಗುವ ನಂದಿ. ಡಿಟೆಸ್ಟ್, ನಂದಿ ದಾಟಿದ ಮೇಲೆ ಉಸಿರು ಕಟ್ಟುವ ಜಾಗ. ಲೋದ್, ಬೆಟ್ಟದ ತುದಿ. ಅಬ್‌ಹಾರ್, ಗೋಪುರದ ಕಳಶ. ಅಲ್ಲಿಗೆ ಯಾರೂ ಹತ್ತುವ ಹಾಗಿಲ್ಲ.

ಕನ್ನಡದಲ್ಲಿ ಅದಕ್ಕೆ ಏನನ್ನುತ್ತಾರೆ ಅಂತ ಕನ್ನಡ ಪಂಡಿತರನ್ನು ಕೇಳಿದೆ. "ಜುಗುಪ್ಸೆ" ಅಂದರು. ಬಿಸಿ ಹುಗ್ಗಿ ಬಾಯಿಗೆ ಹಾಕಿಕೊಂಡು ಮಾತಾಡಿದ ಹಾಗಿತ್ತು. ಮನೆಗೆ ಬಂದು ಅತ್ತೆಯನ್ನು ಕೇಳಿದೆ.

ಅತ್ತೆ ಅಂದರೆ ಅಪ್ಪನ ತಂಗಿ, ಪುಟ್ಟತಾಯಿ. ಗಂಡನ ಮನೆ ಬಿಟ್ಟು ನಮ್ಮಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಅವಳಿಗೊಬ್ಬ ಮಗನಿದ್ದ. ನಾಲ್ಕು ವರ್ಷದವನಿದ್ದಾಗ ಜ್ವರ ಬಂದು ಹೋಗಿಬಿಟ್ಟ. ಅವನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ನಾನವನನ್ನು ನೋಡಿಯೂ ಇರಲಿಲ್ಲ. ಮಗು ಹೋದ ಮೇಲೆ ಅತ್ತೆ ಇಲ್ಲಿಗೆ ಬಂದಳು, ಮಾವ ಹೊಲವನ್ನು ತಮ್ಮನಿಗೆ ಬಿಟ್ಟು ಬೆಟ್ಟದ ಮೇಲೆ ಹಣ್ಣುಕಾಯಿ, ಪುರಿಕಡಲೆ ಮಾರುವ ಅಂಗಡಿ ಇಟ್ಟುಕೊಂಡರು.

ಹಿತ್ತಿಲಲ್ಲಿ ನಾನು ಲೋದ್ ಲೋದ್ ಅಂತ ನಾಲಿಗೆ ಚಾಚಿ ಅಭ್ಯಾಸ ಮಾಡುತ್ತಿದ್ದರೆ ಅತ್ತೆ ಒಳಗಿಂದ ಎದ್ದು ಬಂದಳು.

"ಅದೇನವ್ವ, ಆಗ್ಲಿಂದ ಲೋಟ ಲೋಟ ಅಂತ ಬಡ್ಕೊತಿದ್ದೀಯ? ಬಾಯಾರ್ಕೆನಾ?"

"ಲೋಟವಲ್ಲ ಅತ್ತೆ, ಲೋದ್. ಯಾರನ್ನಾದ್ರೂ ನೋಡಿದ್ರೆ ಸ್ವಲ್ಪಾನೂ ಆಗದೆ ಇದ್ರೆ ಹಾಗನ್ನಬೇಕು."

"ಓ, ಕಂಡ್ರಾಗಕ್ಕಿಲ್ಲ ಅನ್ನು," ಅಂದಳು. "ಅದಕ್ಯಾಕವ್ವ ನಾಲ್ಗೆ ಕಚ್ಕೊಬೇಕು?"

ನನಗೆ ಪರಮಾನಂದವಾಯಿತು. ಏಕೆಂದರೆ ಅದು ಅತ್ತೆಯ ಸ್ವಂತ ಮಾತು, ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ಹೂಕೋಸು ಕಂಡ್ರಾಗಕ್ಕಿಲ್ಲ. ಪಕ್ಕದ ಮನೆಯವರ ಗಿಳಿ ಕಂಡ್ರಾಗಕ್ಕಿಲ್ಲ. ಗ್ರಾಮಫೋನು, ಕಪ್ಪು ಛತ್ರಿ, ಮೀಸೆ ಇಲ್ಲದ ಪೋಸ್ಟ್‌ಮ್ಯಾನ್, ಯಾವುದೂ ಕಂಡ್ರಾಗಕ್ಕಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಪ್ರತಿ ಶನಿವಾರ ಮಧ್ಯಾಹ್ನ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದ ಮಾವನನ್ನು ಕಂಡ್ರಾಗಕ್ಕಿಲ್ಲ.

ಮಂಗಳವಾರ ಶುಕ್ರವಾರ ಬೆಟ್ಟದಲ್ಲಿ ಜನ. ಶನಿವಾರ ಮಧ್ಯಾಹ್ನ ಮಾವನಿಗೆ ಬಿಡುವು. ಸಾವಿರ ಮೆಟ್ಟಿಲಿಳಿದು, ನಡೆದುಕೊಂಡು ಬಂದು, ನುಗ್ಗೆ ಮರದ ನೆರಳಲ್ಲಿ ನಿಲ್ಲುವರು. ಎಷ್ಟು ಕರೆದರೂ ಒಳಗೆ ಬರುತ್ತಿರಲಿಲ್ಲ. ಅವರ ಕಿವಿಗಳು ಉಪ್ಪಿನಕಾಯಿ ಜಾಡಿಯ ಹಿಡಿಗಳಂತೆ ಎರಡು ಕಡೆ ಚಾಚಿಕೊಂಡಿದ್ದವು. ಬಿಸಿಲು ಹಿಂದಿನಿಂದ ಬಿದ್ದರೆ ದಾಸವಾಳದ ಎಸಳಿನ ಹಾಗೆ ಕೆಂಪಗೆ ಹೊಳೆಯುತ್ತಿದ್ದವು. ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದೆ, ಕಾನ್ವೆಂಟಿನಲ್ಲಿ ಕಲಿತ ಮ್ಯಾನರ್ಸ್ ಅದು. ಮಾವ ಕುಂಕುಮ ಹತ್ತಿದ ಕಾಗದದ ಪೊಟ್ಟಣದಲ್ಲಿ ಪುರಿಕಡಲೆ ಕೊಟ್ಟು, ಹೇಗಿದ್ದಾಳೆ, ಬರುತ್ತಾಳಾ ಅಂತ ಅಮ್ಮನನ್ನು ವಿಚಾರಿಸುವರು. ಅಮ್ಮ ಒಳಗೆ ಹೋಗಿ ಕೇಳುವಳು. ಅತ್ತೆ ಕಂಡ್ರಾಗಕ್ಕಿಲ್ಲ ಅನ್ನುವಳು. ಅಮ್ಮ ಹೊರಗೆ ಬಂದು, ಇವತ್ತು ಯಾಕೋ ಅವಳಿಗೆ ಮೈ ಸರಿಯಿಲ್ಲ ಕಣಣ್ಣ, ಬರೋ ವಾರ ಬನ್ನಿ ಅನ್ನುವಳು.

ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಅಷ್ಟು ಒಳ್ಳೆಯ ಟ್ರಾನ್ಸ್‌ಲೇಟರನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಪೊಟ್ಟಣ ಮಾತ್ರ ಅತ್ತೆಗೇ ಸೇರಬೇಕು. ಅದನ್ನು ಬಿಸ್ಕತ್ತಿನ ತಗಡಿನ ಡಬ್ಬಿಗೆ ಸುರಿದು, ಮುಚ್ಚಳ ಒತ್ತಿ, ದಿನಾ ಸಾಯಂಕಾಲ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಒಂದೇ ಒಂದು ಹಿಡಿ ತಿನ್ನುತ್ತಿದ್ದಳು. ಒಂದೊಂದೇ ಕಾಳು. ನಾನು ಕೈ ಚಾಚಿದರೆ ಬೆಲ್ಲ ಕೊಡುತ್ತಿದ್ದಳು, ಪುರಿ ಕೊಡುತ್ತಿರಲಿಲ್ಲ. ಕಂಡರಾಗದವರು ತಂದಿದ್ದನ್ನು ಹೀಗೆ ಯಾರು ತಿನ್ನುತ್ತಾರೆ ಅಂತ ನನಗೆ ಹೊಳೆಯಬೇಕಿತ್ತು. ಐ ಮಸ್ಟ್ ಕನ್ಫೆಸ್, ಹೊಳೆಯಲಿಲ್ಲ. ನನ್ನ ಗಮನವೆಲ್ಲ ಸ್ಪೆಲ್ಲಿಂಗ್ ಮೇಲಿತ್ತು.

ಸಿಸ್ಟರ್ ಕೊಟ್ಟ ಹೋಂವರ್ಕ್: ಲೋದ್ ಪದ ಬಳಸಿ ಸ್ವಂತ ವಾಕ್ಯ. ನಾನು ಅತ್ತೆಯ ಮಾತನ್ನೇ ಇಂಗ್ಲಿಷಿಗೆ ಇಳಿಸಿದೆ. ಕಂಡ್ರೆ ಅಂತ ಇರುವಾಗ ನೋಡುವ ಮಾತೂ ಬರಬೇಕಲ್ಲ, ಟು ಸೀ ಅಂತ ಸೇರಿಸಿದೆ. ಲೋದ್‌ನ ಕೊನೆಯ ಇ ಅಕ್ಷರವನ್ನು ಮರೆತೆ, ಲೋದ್ ಹೋಗಿ ಲೋತ್ ಆಯಿತು. "ಮೈ ಆಂಟ್ ಲೋತ್ ಟು ಸೀ ಮೈ ಅಂಕಲ್." ಪುಸ್ತಕ ಶುಕ್ರವಾರ ವಾಪಸು ಬಂತು. ಸಿಸ್ಟರ್ ಕೆಂಪು ಇಂಕಿನಲ್ಲಿ ಟು ಸೀ ಹೊಡೆದುಹಾಕಿ, ಇ ಮತ್ತು ಎಸ್ ಸೇರಿಸಿ, ಪಕ್ಕದಲ್ಲಿ, ಮನೆಯವರ ಮೇಲೆ ವಾಕ್ಯ ಮಾಡಬೇಡ, ಜಿರಲೆಯ ಮೇಲೆ ಮಾಡು ಅಂತ ಬರೆದಿದ್ದರು. ಮಾರನೆಯ ದಿನ ಶನಿವಾರ.

ಅವತ್ತು ಅಪ್ಪ ಅಮ್ಮ ನಾಮಕರಣಕ್ಕೆ ಹೋಗಿದ್ದರು. ಮಾವ ಬಂದಾಗ ಗೇಟಿನಲ್ಲಿ ನಾನೊಬ್ಬಳೇ. ಅವರು ಇಸ್ತ್ರಿ ಮಾಡಿದ ಷರಟು ಹಾಕಿದ್ದರು, ತಲೆಗೆ ನೀರು ಮುಟ್ಟಿಸಿ ಬಾಚಿಕೊಂಡಿದ್ದರು. ಅಮ್ಮ ಇಲ್ಲ ಅಂದದ್ದಕ್ಕೆ ನನಗೇ ಹೇಳಿದರು.

"ಬೆಟ್ಟದ ಮ್ಯಾಲೆ ಒಂದು ಮನೆ ಸಿಕ್ಕದೆ ಕಣವ್ವ. ಮುಂದ್ಗಡೆ ಜಗಲಿ, ಇತ್ತಲಲ್ಲಿ ನೀರಿನ ತೊಟ್ಟಿ. ನಿಮ್ಮತ್ತೆ ಬತ್ತಾಳಾ, ಒಂದು ಮಾತು ಕೇಳವ್ವ."

ಒಳಗೆ ಅತ್ತೆ ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ನಾನು ಜಗಲಿ, ತೊಟ್ಟಿ ಎಲ್ಲ ಒಪ್ಪಿಸಿದೆ. ಅವಳ ಕೈ ನಿಂತಿತು. "ಕಂಡ್ರಾಗಕ್ಕಿಲ್ಲ ಕಣವ್ವ," ಅಂದಳು. "ನಾನೆಂಗೆ ಓಗ್ಲಿ."

ನಾನು ಹಿಡಿದುಕೊಂಡದ್ದು ಮೊದಲನೇ ಮಾತು. ಎರಡನೆಯದು ಕಿವಿಗೆ ಬಿದ್ದಿತ್ತು, ಆದರೆ ಅದು ಏಣಿಯಲ್ಲಿರಲಿಲ್ಲ.

ಗೇಟಿಗೆ ಹೋಗಿ, ಎಲೊಕ್ಯೂಷನ್ ಕ್ಲಾಸಿನಲ್ಲಿ ನಿಲ್ಲುವ ಹಾಗೆ ಕೈ ಹಿಂದೆ ಕಟ್ಟಿ ನಿಂತೆ. ಅತ್ತೆಗೆ ನಿಮ್ಮನ್ನ ಕಂಡ್ರಾಗಲ್ವಂತೆ ಅಂದೆ. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು.

"ಇಂಗ್ಲಿಷಿನಲ್ಲಿ ಅದಕ್ಕೆ ಲೋದ್ ಅಂತಾರೆ ಮಾವ."

"ಅಂಗಂದ್ರೆ?"

"ಇಷ್ಟ ಇಲ್ಲ ಅನ್ನೋದು ಬೆಟ್ಟದ ಪಾದ. ಹೇಟ್ ಅಂದ್ರೆ ನಂದಿ. ಲೋದ್ ಅಂದ್ರೆ ತುದಿ."

ಮಾವ ತಲೆ ಎತ್ತಿ ನಮ್ಮ ಹೆಂಚಿನ ಮೇಲಿಂದ ಕಾಣುವ ಬೆಟ್ಟವನ್ನು ನೋಡಿದರು. ಕಿವಿಗಳು ಕೆಂಪಗಿದ್ದವು. ಅವತ್ತು ಮೋಡವಿತ್ತು, ಬಿಸಿಲಿರಲಿಲ್ಲ.

"ಅಷ್ಟು ಮ್ಯಾಲ್ಕಾ," ಅಂದರು. "ಅಲ್ಲೇ ಕಣವ್ವ ನನ್ನ ಅಂಗ್ಡಿ ಇರಾದು."

ಪೊಟ್ಟಣವನ್ನು ನನ್ನ ಕೈಗಿಟ್ಟು, ತಲೆಯ ಮೇಲೆ ಕೈಯಿಟ್ಟು, ಚೆನ್ನಾಗಿ ಓದ್ತಿದ್ದೀಯ ಅಂತ ಹೇಳಿ ಹೋದರು. ಆ ಮೆಚ್ಚುಗೆಗೆ ಉಬ್ಬಿ ನಾನು ರಸ್ತೆ ತಿರುವಿನವರೆಗೂ ಅವರನ್ನೇ ನೋಡುತ್ತ ನಿಂತಿದ್ದೆ. ಒಂದು ಸಲವೂ ಅವರು ತಿರುಗಿ ನೋಡಲಿಲ್ಲ.

ಮುಂದಿನ ಶನಿವಾರ ಮಾವ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಬೆಳಿಗ್ಗೆ ಗುಡಿಸಿದ ಅಂಗಳವನ್ನೇ ಅತ್ತೆ ಮಧ್ಯಾಹ್ನ ಮತ್ತೆ ಗುಡಿಸತೊಡಗಿದಳು. ಕಂಡರಾಗದ ಪೋಸ್ಟ್‌ಮ್ಯಾನನ್ನು ನಿಲ್ಲಿಸಿ, ಬೆಟ್ಟದ ಕಡೆ ಓಗಿದ್ಯಾ ಅಂತ ಕೇಳಿದಳು. ಹಿಡಿ ಪುರಿ ಅರ್ಧ ಹಿಡಿಯಾಯಿತು, ಆಮೇಲೆ ನಾಲ್ಕು ಕಾಳಾಯಿತು. ಐದನೇ ವಾರ ಡಬ್ಬಿ ಅಲುಗಾಡಿಸಿದರೆ ಸದ್ದೇ ಇಲ್ಲ. ಅವತ್ತು ನನ್ನನ್ನು ಹತ್ತಿರ ಕೂರಿಸಿಕೊಂಡು, ಅವತ್ತೇನು ಹೇಳಿದೆ ಅಂತ ಮೆಲ್ಲಗೆ ಕೇಳಿದಳು. ನಾನು ಎಲ್ಲ ಹೇಳಿದೆ. ಪಾದ, ನಂದಿ, ತುದಿ. ಹೇಳುತ್ತ ಹೇಳುತ್ತ ನನ್ನ ಬಾಯಲ್ಲೇ ಆ ಪದ ದಪ್ಪವಾಗುತ್ತ ಹೋಯಿತು.

ಬೈಯುತ್ತಾಳೆ ಅಂದುಕೊಂಡೆ. ಅವಳು ಡಬ್ಬಿಯ ಮುಚ್ಚಳವನ್ನು ಸೆರಗಿನಿಂದ ಒರೆಸುತ್ತ ಕೂತಿದ್ದಳು.

"ಆ ಕಿವಿ ನೋಡಿದ್ದೀಯಲ್ಲವ್ವ," ಅಂದಳು. "ನನ್ನ ಮಗಂದೂ ಅವೇ ಕಿವಿ. ಅದೇ ಮೊಕ. ಅವರು ಎದುರ್ಗೆ ಬಂದ್ರೆ ನಂಗೆ ಮಗ ಬಂದಂಗಾಯ್ತದೆ. ಕಂಡ್ರೆ ತಡಿಯಕ್ಕಾಗಕ್ಕಿಲ್ಲ. ಅದ್ನೇ ನಾನು ಏಳ್ತಿದ್ದದ್ದು."

ಎಲ್ಲವೂ ನನ್ನ ಕಣ್ಣೆದುರೇ ಇತ್ತು. ಶಾಲೆಯಲ್ಲಿ ನನಗೆ ಸಿಡುಬು ಬಾರದಿರಲಿ ಅಂತ ದೇವಿ ಹಾಕಿಸಿದ ದಿನ, ಸೂಜಿ ನೋಡಿ ನಾನು ಕಿರುಚಿದಾಗ, ಜೊತೆಗೆ ಬಂದಿದ್ದ ಅತ್ತೆ ಕಂಡ್ರಾಗಕ್ಕಿಲ್ಲ ಅಂತ ಮುಖ ಮುಚ್ಚಿಕೊಂಡು ಅಂಗಳಕ್ಕೆ ಓಡಿದ್ದಳು. ಅವಳೇನು ನನ್ನನ್ನು ಲೋದ್ ಮಾಡಿದ್ದಳೇ? ಈ ವಯಸ್ಸಿನಲ್ಲಿ ಕೂತು ಯೋಚಿಸಿದರೆ, ನಮ್ಮ ಭಾಷೆಯೇ ಹಾಗೆ ಅನಿಸುತ್ತದೆ. ಅಸಹ್ಯ ಅನ್ನುವ ಮಾತನ್ನೇ ತೆಗೆದುಕೊಳ್ಳಿ. ಮೂಗು ಮುಚ್ಚಿಕೊಂಡು ಆಡುತ್ತೇವೆ, ಆದರೆ ಬಿಡಿಸಿದರೆ ಸಹಿಸಲಾಗದ್ದು ಅಂತ ಅಷ್ಟೇ. ಇಂಗ್ಲಿಷಿನವರು ದ್ವೇಷವನ್ನು ಹಲ್ಲಿನಲ್ಲಿ ಇಟ್ಟುಕೊಂಡಿದ್ದಾರೆ, ನಾವು ಕಣ್ಣಿನಲ್ಲಿ. ಕಣ್ಣಿಗೆ ಬೇರೆ ಕೆಲಸಗಳೂ ಇವೆ.

ಮರುದಿನವೇ ಅತ್ತೆ ತಲೆಗೆ ನೀರು ಹಾಕಿಕೊಂಡು, ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಉಟ್ಟು, ನನ್ನನ್ನು ಕರೆದುಕೊಂಡು ಹೊರಟಳು. ಬೆಟ್ಟದ ಪಾದದವರೆಗೆ ಜಟಕಾ. ಮೆಟ್ಟಿಲು ಹತ್ತುವಾಗ ಎಲ್ಲೂ ಕೂರಲಿಲ್ಲ. ನಂದಿಗೆ ಸಹ ನಡೆಯುತ್ತಲೇ ಕೈ ಮುಗಿದಳು. ನಾನು ಏದುಸಿರು ಬಿಡುತ್ತ ಹಿಂದೆ ಹಿಂದೆ. ದೇವಸ್ಥಾನದ ಬೀದಿಯಲ್ಲಿ ಮಾವನ ಅಂಗಡಿಗೆ ಹಲಗೆ ಹಾಕಿತ್ತು. ಪಕ್ಕದಲ್ಲಿ ಹೂವು ಕಟ್ಟುತ್ತಿದ್ದ ಹೆಂಗಸು ದಾರ ಬಿಡದೆ ಹೇಳಿದಳು:

"ಕಿವಿಯಣ್ಣನಾ? ಅಂಗ್ಡಿ ಬುಟ್ಟು ಓಗಿ ಇಪ್ಪತ್ತು ದಿನ ಆಯ್ತಲ್ಲಮ್ಮ. ಎಲ್ಗೆ ಅಂದ್ರೆ ಏಳ್ಲಿಲ್ಲ. ಎಂಡ್ರು ಬತ್ತಾಳೆ ಅಂತ ಆ ಮನೆಗೆ ಸುಣ್ಣನೂ ಬಳ್ದಿದ್ದ."

ಆ ಮನೆಯನ್ನು ತೋರಿಸು ಅಂತ ಅತ್ತೆ ಕೇಳಿದಳು. ಹಿಂದಿನ ಓಣಿಯಲ್ಲಿ ಎರಡೇ ಕೋಣೆಯ ಮನೆ. ಮುಂದೆ ಜಗಲಿ, ಹಿತ್ತಿಲಲ್ಲಿ ನೀರಿನ ತೊಟ್ಟಿ. ಮಾವ ಹೇಳಿದ್ದರಲ್ಲಿ ಒಂದೂ ಹೆಚ್ಚಿರಲಿಲ್ಲ. ಅತ್ತೆ ತೊಟ್ಟಿಯ ನೀರಿನಲ್ಲಿ ಮುಖ ತೊಳೆದು ಬಂದು ಆ ಜಗಲಿಯ ಮೇಲೆ, ತನ್ನದೇ ಮನೆ ಎಂಬಂತೆ, ಕಾಲು ಚಾಚಿ ಕೂತಳು. ಕೆಳಗೆ ಇಡೀ ಮೈಸೂರು ಬಿಸಿಲಿನಲ್ಲಿ ಹರಡಿಕೊಂಡಿತ್ತು. ನಮ್ಮ ಮನೆ ಎಲ್ಲಿ ಅಂತ ನಾನು ಹುಡುಕುತ್ತಿದ್ದೆ.

"ಕಂಡ್ರಾಗಕ್ಕಿಲ್ಲ ಅಂದೆ," ಅಂತ ಅತ್ತೆ ತನಗೇ ಹೇಳಿಕೊಂಡಳು. "ಕಾಣ್ದೇ ಇದ್ರೂ ಆಗಕ್ಕಿಲ್ಲ ಅನ್ನಾದ್ನ ಏಳ್ಲೇ ಇಲ್ವಲ್ಲ."

ಇಳಿಯುವಾಗ ನಂದಿಯ ಹತ್ತಿರ ಕೂತೆವು. ಇದ್ಯಾವುದು ಅಂದೆ ಅವತ್ತು ಅಂತ ಕೇಳಿದಳು. ಹೇಟ್ ಅಂದೆ. ಆ ದೊಡ್ಡ ಕಪ್ಪು ಬಸವನನ್ನು ಒಂದು ಗಳಿಗೆ ನೋಡಿ, "ಇಲ್ಲಿಗಂಟನಾದ್ರೂ ಇಳಿಸಿ ಏಳ್ಬಾರ್ದಿತ್ತಾ, ಮಗ," ಅಂದು ನಕ್ಕಳು. ನನಗೆ ಅಳು ಬಂತು. ನನ್ನ ಮೂಗನ್ನು ಹಸಿರು ಸೀರೆಯ ಸೆರಗಿನಲ್ಲೇ ಒರೆಸಿದಳು.

ಅಪ್ಪ ಊರಿನವರನ್ನು ಕೇಳಿದರು, ಕಾಗದ ಬರೆದರು, ತಮ್ಮ ಇಲಾಖೆಯ ರಸ್ತೆ ಕೆಲಸ ನಡೆಯುವ ಕಡೆಯೆಲ್ಲ ವಿಚಾರಿಸಿದರು. ಕೊಡಗಿನಲ್ಲಿ ಕಂಡೆ ಅಂದವರಿದ್ದರು, ಸತ್ಯಮಂಗಲದಲ್ಲಿ ಅಂದವರಿದ್ದರು. ಎಲ್ಲರೂ ಕಿವಿಯ ಗುರುತು ಹೇಳುತ್ತಿದ್ದರು. ಮಾವ ಸಿಗಲಿಲ್ಲ. ಅತ್ತೆ ನಮ್ಮಲ್ಲೇ ಉಳಿದಳು, ಪ್ರತಿ ಶನಿವಾರ ಎರಡು ಸಲ ಅಂಗಳ ಗುಡಿಸಿದಳು. ನನ್ನನ್ನು ದೂರುವ ಮಾತು ಅವಳ ಬಾಯಿಂದ ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತು.

ಕಾಲೇಜಿಗೆ ಹೋದ ಮೇಲೆ ಡಿಕ್ಷನರಿಯಲ್ಲಿ ಏನೋ ಹುಡುಕುತ್ತಿದ್ದವಳಿಗೆ ಕೊನೆಯ ಇ ಇಲ್ಲದ ಲೋತ್ ಕಣ್ಣಿಗೆ ಬಿತ್ತು. ಅದೂ ಒಂದು ಪದವೇ. ಅದಕ್ಕೆ ದ್ವೇಷವೆಂಬ ಅರ್ಥವಿಲ್ಲ. ಮನಸ್ಸು ಒಪ್ಪದು, ಹಿಂಜರಿಕೆ, ಕಾಲು ಏಳದು ಅಂತ. ಮೈ ಆಂಟ್ ಲೋತ್ ಟು ಸೀ ಮೈ ಅಂಕಲ್. ನಡುವೆ ಒಂದು ಈಸ್ ಇಲ್ಲ ಅನ್ನುವುದನ್ನು ಬಿಟ್ಟರೆ ಹತ್ತು ವರ್ಷದ ಹುಡುಗಿ ತಪ್ಪು ಸ್ಪೆಲ್ಲಿಂಗಿನಲ್ಲಿ ಸತ್ಯವನ್ನೇ ಬರೆದಿದ್ದಳು. ಸಿಸ್ಟರ್ ಅದನ್ನು ತಿದ್ದಿದರು. ನಾನು ತಿದ್ದಿದ್ದನ್ನು ಬಾಯಿಪಾಠ ಮಾಡಿದೆ. ಲೈಬ್ರರಿಯ ಕಿಟಕಿಯಿಂದಲೂ ಬೆಟ್ಟ ಕಾಣುತ್ತಿತ್ತು. ಈ ಊರಿನಲ್ಲಿ ಎಲ್ಲಿ ಕೂತರೂ ಅದು ಕಾಣುತ್ತದೆ.

ನಾನು ಅತ್ತೆಯನ್ನು ಕೊನೆಯ ಸಲ ನೋಡಿದ್ದು ಅರವತ್ತೆರಡನೇ ಇಸವಿಯಲ್ಲಿ. ನಮ್ಮ ಯಜಮಾನರಿಗೆ ಭಿಲಾಯಿಯಲ್ಲಿ ಕೆಲಸವಾಗಿತ್ತು. ಎರಡು ರೈಲು ಬದಲಾಯಿಸಿ ಹೋಗುವ ಊರು, ಬೇಕೆಂದಾಗ ಬರುವ ಹಾಗಿಲ್ಲ. ನಾನು ಮತ್ತೆ ಮೈಸೂರಿಗೆ ಬರುವಷ್ಟರಲ್ಲಿ ಅತ್ತೆ ಇರಲಿಲ್ಲ. ಆದರೆ ಅದು ಅವತ್ತು ಯಾರಿಗೆ ಗೊತ್ತು? ಗೇಟಿನಲ್ಲಿ, ನುಗ್ಗೆ ಮರದ ಕೆಳಗೆ, ಜಟಕಾಕ್ಕೆ ಟ್ರಂಕು ಏರಿಸಿದ್ದರು. ಎಲ್ಲರ ಕಾಲಿಗೂ ನಮಸ್ಕಾರ ಮಾಡಿದ್ದಾಗಿತ್ತು. ಅತ್ತೆಯೊಬ್ಬಳು ಹೊರಗೆ ಬಂದಿರಲಿಲ್ಲ. ಕರೆಯುವುದಕ್ಕೆ ಹೋದ ಅಮ್ಮ ಹಿಂದಕ್ಕೆ ಬಂದು ನನ್ನೆದುರು ನಿಂತಳು. ಯಾವತ್ತೂ ಬದಲಾಯಿಸಿ ಹೇಳುತ್ತಿದ್ದ ಅಮ್ಮ ಅವತ್ತು ಬದಲಾಯಿಸಲಿಲ್ಲ.

"ಬರಲ್ವಂತೆ ಕಣೇ," ಅಂದಳು. "ನಿನ್ನನ್ನ ಕಂಡ್ರಾಗಕ್ಕಿಲ್ವಂತೆ."

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಅತ್ತೆ ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ, ಮೊರ ಮುಂದಿಟ್ಟುಕೊಂಡು ಕೂತಿದ್ದಳು. ಮೊರದಲ್ಲಿ ಏನೂ ಇರಲಿಲ್ಲ. ಅತ್ತೆ ಅಂತ ಕರೆದೆ. ತಿರುಗಲಿಲ್ಲ. ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ ಬಿಸ್ಕತ್ತಿನ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. ಎತ್ತಿಕೊಂಡೆ. ತುಂಬಿತ್ತು, ಅಲುಗಿಸಿದರೆ ಪುರಿಯ ಸಣ್ಣ ಸದ್ದು.

ನಾಲ್ಕು ಹೆಜ್ಜೆ ಸುತ್ತಿ ಹೋಗಿದ್ದರೆ ಅವಳ ಮುಖ ಕಾಣುತ್ತಿತ್ತು. ಹೋಗಲಿಲ್ಲ. ನರೆತ ತುರುಬು, ಹಸಿರು ಸೀರೆ, ಮೊರದ ಅಂಚನ್ನು ಹಿಡಿದಿದ್ದ ಆ ಕೈ, ಅಷ್ಟನ್ನೇ ನೋಡಿಕೊಂಡು ಹೊರಗೆ ಬಂದೆ. ನನಗೂ ಕಂಡರಾಗುತ್ತಿರಲಿಲ್ಲ.